ನಾನು ಬರೆದ ‘ಇರುವುದಿಲ್ಲ’, ನೀವು ಓದಿದ ‘ಇಲ್ಲ’

ನಗರದ ಉಪಾಹಾರ ಗೃಹಗಳಿಗೆ ಪರವಾನಗಿ ನೀಡುವ ಮಾನ್ಯ ಅಧಿಕಾರಿಗಳೇ,

ಕಳೆದ ವಾರ ತಾವು ಪ್ರಕಟಿಸಿದ ಪಟ್ಟಿಯ ಪ್ರಕಾರ ಬಳ್ಳಾರಿಯಲ್ಲಿ ಒಂದು ವರ್ಷದಲ್ಲಿ ನಲವತ್ತೊಂದು ಹೋಟೆಲುಗಳು ತೆರೆದಿವೆ, ಹತ್ತೊಂಬತ್ತು ಶಾಶ್ವತವಾಗಿ ಮುಚ್ಚಿವೆ. ಮುಚ್ಚಿದವುಗಳಲ್ಲಿ ಏಳನೆಯದು ಕೌಲ್ ಬಜಾರಿನಲ್ಲಿ ನನ್ನ ಮಗ ಗವಿಸಿದ್ದೇಶ ಹತ್ತು ವರ್ಷ ನಡೆಸಿದ ಆರು ಮೇಜಿನ ಹೋಟೆಲು. ನನ್ನ ಮಗ ತೀರಿಕೊಂಡಿದ್ದಾನೆ. ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಒಪ್ಪದೆ ಬೇರೆ ದಾರಿ ಇರಲಿಲ್ಲ. ಆದರೆ ಅವನ ಹೋಟೆಲು ತೀರಿಕೊಂಡಿಲ್ಲ. ಅದನ್ನು ಕೊಂದದ್ದು ನಿಮ್ಮ ಕಚೇರಿ. ಕೊಲ್ಲಲು ಬೇಕಾದ ಆಯುಧವನ್ನು ಒದಗಿಸಿದವನು ನಾನು. ಆ ಆಯುಧ ಒಂದೇ ಒಂದು ಪದ.

ಫೆಬ್ರುವರಿಯಲ್ಲಿ ಗವಿಸಿದ್ದೇಶ ಅಕ್ಕಿ ತರಲು ಸಿರುಗುಪ್ಪದ ಗಿರಣಿಗೆ ಹೋದವನು ಹಿಂದಿರುಗುವಾಗ ರಸ್ತೆ ಅಪಘಾತದಲ್ಲಿ ಹೋದ. ಕುರುಗೋಡಿನ ನಮ್ಮ ಹೊಲದಲ್ಲಿ ಅವನನ್ನು ಮಣ್ಣು ಮಾಡಿ ಬಂದ ಮರುದಿನ, ಬೆಳಗಿನ ಮಂಡಕ್ಕಿ ಒಗ್ಗರಣಿ-ಮಿರ್ಚಿಗೆಂದು ಬರುವ ಗಿರಾಕಿಗಳಿಗೆ ತಿಳಿಯಲೆಂದು ಬಾಗಿಲಿಗೆ ಒಂದು ಹಲಗೆ ತೂಗುಹಾಕಬೇಕಾಯಿತು. ಸೊಸೆ ಸುನಂದಾ ಸೀಮೆಸುಣ್ಣ ತಂದು ನನ್ನ ಕೈಗಿಟ್ಟಳು.

“ಮಾವಾರ, ಬಾಗ್ಲಾ ಮುಂದ ಮಾಡೀವಿ ಅಂತ ಬರೀರಿ, ಸಾಕು.” ನಮ್ಮ ಆಡುಮಾತಿನಲ್ಲಿ ಅದು ಬಾಗಿಲನ್ನು ಸದ್ಯಕ್ಕೆ ಎಳೆದುಕೊಳ್ಳುವುದಷ್ಟೆ.

ದಿನವೂ ಬರುವ ಹಮಾಲಿ ಜಂಬಣ್ಣ ಪಕ್ಕದಲ್ಲೇ ನಿಂತಿದ್ದ. “ಎಷ್ಟ್ ದಿನ ಅಂತ ಹಾಕ್ರಿ ಯಜಮಾನ್ರ. ಇಲ್ಲಾಂದ್ರ ಮಂದಿ ಒಂದಕ್ಕೊಂದು ಹಚ್ಚಿ ಹೇಳ್ತಾರ.”

ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಬ್ರೂಸ್‌ಪೇಟೆಯ ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು. ಈ ಊರಿನ ಎಷ್ಟು ಮದುವೆ ಕಾರ್ಡುಗಳ, ಎಷ್ಟು ಶಿವಗಣಾರಾಧನೆ ಪತ್ರಗಳ ಕಾಗುಣಿತ ನನ್ನ ಕೈಯಲ್ಲಿ ಹಾದು ಹೋಗಿದೆಯೋ ಲೆಕ್ಕವಿಲ್ಲ. ಮಗನ ಸಾವನ್ನು ಆಡುಮಾತಿನಲ್ಲಿ ಬರೆಯಲು ಮನಸ್ಸು ಬರಲಿಲ್ಲ. ಸಾವಿನ ಫಲಕಕ್ಕೆ ದಿನದ ಗಡುವು ಹಾಕುವುದು ಅಸಹ್ಯವೆನಿಸಿತು. ಶುದ್ಧ ಕನ್ನಡದಲ್ಲಿ ಬರೆದೆ: ‘ಮಾಲೀಕರು ಲಿಂಗೈಕ್ಯರಾದ ಪ್ರಯುಕ್ತ ಹೋಟೆಲ್ ಇರುವುದಿಲ್ಲ.’

ಐದನೆಯ ದಿನ ನಿಮ್ಮ ಪರಿವೀಕ್ಷಕರು ಓಣಿಗೆ ಬಂದು, ಯಾರನ್ನೂ ಏನನ್ನೂ ಕೇಳದೆ, ಆ ಹಲಗೆಯ ಫೋಟೊ ತೆಗೆದುಕೊಂಡು ಹೋದರು. ಅವರ ವರದಿಯ ಪ್ರತಿ ನನ್ನ ಮುಂದಿದೆ: ‘ಸದರಿ ಹೋಟೆಲ್ ಇರುವುದಿಲ್ಲವೆಂದು ಮಾಲೀಕರ ಕಡೆಯವರೇ ಬರೆದಿರುತ್ತಾರೆ. ಆದಕಾರಣ ಉದ್ದಿಮೆಯು ಶಾಶ್ವತವಾಗಿ ಮುಚ್ಚಿರುವುದು ದೃಢಪಟ್ಟಿರುತ್ತದೆ.’ ಹನ್ನೆರಡನೆಯ ದಿನ ಸುನಂದಾ ಒಲೆ ಹಚ್ಚಿದಳು. ತಿಂಗಳು ತುಂಬುವ ಮೊದಲು ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ನಿಮ್ಮಲ್ಲಿಗೆ ಬಂದಳು. ಪರವಾನಗಿಯೇ ರದ್ದಾಗಿದೆ ಎಂದಿರಿ. ಹೊಸದಕ್ಕೆ ಅರ್ಜಿ ಹಾಕೋಣವೆಂದರೆ, ಹೊಸ ಹೋಟೆಲಿಗೆ ಇಪ್ಪತ್ತು ಅಡಿ ಅಗಲದ ರಸ್ತೆ ಬೇಕು ಎಂದಿರಿ. ನಮ್ಮ ಓಣಿಯ ಅಗಲ ಹನ್ನೊಂದು ಅಡಿ. ಹಳೆಯದಾಗಿದ್ದರೆ ಬದುಕಬಹುದಿತ್ತು, ಹೊಸದಾಗಿ ಹುಟ್ಟುವಂತಿಲ್ಲ. ಅಂದಿನಿಂದ ಒಲೆ ಆರಿದೆ.

ನಾನೇ ಬಂದೆ. ನಿಮ್ಮ ಗುಮಾಸ್ತರು ಕಂಪ್ಯೂಟರಿನಲ್ಲಿ ನನ್ನ ಕೈಬರಹವನ್ನೇ ನನಗೆ ತೋರಿಸಿದರು.

“ಅಜ್ಜಾರ, ಹೋಟ್ಲ ಇಲ್ಲಂತ ನೀವ ಬರ್ದೀರಿ. ನಾವೇನ್ ಮಾಡಾಕ ಬರ್ತೈತ್ರಿ?”

“ಇಲ್ಲ ಎಂದು ಬರೆದಿಲ್ಲ, ಇರುವುದಿಲ್ಲ ಎಂದು ಬರೆದಿದ್ದೇನೆ. ನಿಮ್ಮ ಬಾಗಿಲಲ್ಲಿ ‘ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿ ಇರುವುದಿಲ್ಲ’ ಎಂದಿದೆ. ಆ ದಿನ ಈ ಕಟ್ಟಡ ಬಿದ್ದುಹೋಗುತ್ತದೆಯೇ?”

“ಅದು ಬ್ಯಾರೆ, ಇದು ಬ್ಯಾರೆ. ಸರಕಾರಿ ಕಚೇರಿ ಎಲ್ಲಿಗ್ರೀ ಹೊಕ್ಕೈತಿ?”

ನನ್ನ ಜೊತೆ ಸಾಕ್ಷಿಗೆಂದು ಬಂದಿದ್ದ ಜಂಬಣ್ಣ ತಡೆದುಕೊಳ್ಳಲಿಲ್ಲ. “ಸಾಹೇಬ್ರ, ಸೋಮಾರ ದಿನಾನೂ ಇಲ್ಲಿ ಅರ್ಧ ಕುರ್ಚಿ ಖಾಲಿ ಅದಾವು. ಹಲಗಿ ಒಂದ್ ಹಾಕಿಬಿಡ್ರಿ, ನಾ ಫೋಟೊ ಹೊಡ್ಕೊಂಡು ಹೊಕ್ಕೀನಿ.”

ಮಾನ್ಯರೇ, ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದವನು. ಅಲ್ಲಿ ನಮಗೊಂದು ಕಟ್ಟಳೆ ಇತ್ತು: ಎದುರಾಳಿಯ ಮಾತನ್ನು ಅವನು ಆಡಿದ ಅರ್ಥದಲ್ಲೇ ಎತ್ತಿಕೊಳ್ಳಬೇಕು, ಅರ್ಥ ತಿರುಚಿ ಗೆದ್ದವನಿಗೆ ಕಪ್ ಸಿಗಬಹುದು, ಮರ್ಯಾದೆ ಸಿಗುವುದಿಲ್ಲ. ನಿಮಗೆ ಈ ಪದದ ಅರ್ಥ ಗೊತ್ತಿಲ್ಲವೆಂದು ನಾನು ಹೇಗೆ ನಂಬಲಿ? ನಾಳೆ ಶಾಲೆ ಇರುವುದಿಲ್ಲ ಎಂದಾಗ ನಿಮ್ಮ ಮಕ್ಕಳು ವರ್ಗಾವಣೆ ಪತ್ರ ತರಲು ಓಡುತ್ತಾರೆಯೇ? ನೀರು ಇರುವುದಿಲ್ಲ ಎಂದು ಪ್ರಕಟಣೆ ಬಂದಾಗ ತುಂಗಭದ್ರೆಯೇ ಬತ್ತಿತೆಂದು ನೀವು ಎದೆ ಬಡಿದುಕೊಳ್ಳುತ್ತೀರಾ?

ಹಲಗೆಯನ್ನು ಅಕ್ಷರಶಃ ನಂಬುವುದೇ ನಿಮ್ಮ ಧರ್ಮವಾದರೆ ಅದನ್ನು ಕೊನೆಯವರೆಗೂ ಪಾಲಿಸಿದ್ದೀರಿ, ಒಪ್ಪುತ್ತೇನೆ. ಮುಖ್ಯರಸ್ತೆಯಲ್ಲಿ ಕಳೆದ ದಸರೆಗೆ ತಾವೇ ರಿಬ್ಬನ್ ಕತ್ತರಿಸಿದ ಗಾಜಿನ ಗೋಡೆಯ ರೆಸ್ಟೋರೆಂಟು ಏಳು ತಿಂಗಳಿಗೇ ನಿಂತಿತು. ಅದರ ಕುರ್ಚಿಗಳು ಮಾರಾಟವಾದದ್ದನ್ನು, ಅಡುಗೆಯವರು ಊರಿಗೆ ಹೋದದ್ದನ್ನು ಇಡೀ ಬೀದಿ ನೋಡಿದೆ. ಒಳಗೆ ಈಗ ಪಾರಿವಾಳಗಳ ಸಂಸಾರ. ಆದರೆ ಅದು ನಿಮ್ಮ ಮುಚ್ಚಿದವುಗಳ ಪಟ್ಟಿಯಲ್ಲಿಲ್ಲ, ಏಕೆಂದರೆ ಅದರ ಬಾಗಿಲಲ್ಲಿ ‘ಶೀಘ್ರದಲ್ಲೇ ಹೊಸ ರೂಪದಲ್ಲಿ’ ಎಂದು ಬಣ್ಣದ ಫಲಕವಿದೆ. ಸತ್ತದ್ದು ನಿಮ್ಮ ಕಡತದಲ್ಲಿ ಉಸಿರಾಡುತ್ತಿದೆ, ಉಸಿರಾಡುತ್ತಿದ್ದದ್ದು ಸತ್ತಿದೆ. ನಾನು ಮೂವತ್ತೊಂದು ವರ್ಷದಲ್ಲಿ ಎಷ್ಟೋ ಕರಡು ತಿದ್ದಿದ್ದೇನೆ. ಇಂಥ ಮುದ್ರಣದೋಷ ಕಂಡಿರಲಿಲ್ಲ.

ಈ ತಿಂಗಳ ಕೊನೆಯೊಳಗೆ ಹೋಟೆಲು ತೆರೆಯದಿದ್ದರೆ ಜಾಗದ ಮಾಲೀಕರು ಅದನ್ನು ಮೊಬೈಲ್ ಅಂಗಡಿಗೆ ಕೊಡುತ್ತಾರೆ. ಅವರನ್ನು ದೂರಲಾರೆ, ಸಾಕಷ್ಟು ಕಾದಿದ್ದಾರೆ. ಸುನಂದಾಳ ಅಣ್ಣ ರಾರಾವಿಯಿಂದ ಬಂದು, “ನಡಿಯವ್ವಾ ತಂಗಿ, ನಮ್ಮನ್ಯಾಗ ನಿನಗ ತುತ್ತು ಭಾರ ಅಲ್ಲ” ಎಂದು ಕರೆದ. ಅವಳು ಕದಲಲಿಲ್ಲ. “ತುತ್ತು ತಿನ್ನಾಕಲ್ಲಣ್ಣಾ, ತುತ್ತು ಹಾಕಾಕ ಕಲ್ತೀನಿ ನಾ. ಅಲ್ಲಿ ಬಂದು ಯಾರಿಗೆ ಹಾಕ್ಲಿ?” ಎಂದಳು. ಅವನು ಒಬ್ಬನೇ ಊರಿಗೆ ಹಿಂದಿರುಗಿದ. ಅವಳ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದ್ದರೆ ತಿಳಿಸಿ.

ಇನ್ನೊಂದನ್ನು ನಾನು ಬಹಿರಂಗವಾಗಿಯೇ ಹೇಳಬೇಕು. ಗವಿಸಿದ್ದೇಶ ಹೋಟೆಲು ಇಡುತ್ತೇನೆಂದಾಗ ಅದನ್ನು ವಿರೋಧಿಸಿದವರಲ್ಲಿ ಮೊದಲಿಗ ನಾನು. ಓದಿದವನು ಎಂಜಲು ತಟ್ಟೆ ಎತ್ತುವುದೇ ಎಂದು ಒಂದು ಗಂಟೆ ವಾದಿಸಿದೆ. ಅವನು ಕೊನೆಯವರೆಗೂ ಕೇಳಿ, “ವಾದದಾಗ ನೀವ ಗೆದ್ರಿ ಅಪ್ಪಾ. ಹೋಟ್ಲ ಇಡೋದು ಮಾತ್ರ ನಾನು” ಎಂದು ನಕ್ಕ. ಹತ್ತು ವರ್ಷದಲ್ಲಿ ನಾನು ಅಲ್ಲಿ ಕುಳಿತು ತಿಂದದ್ದು ಎರಡು ಸಲ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟ. ತಪ್ಪು ಓದಿದ್ದನ್ನು ಒಪ್ಪಿಕೊಳ್ಳಿ. ರದ್ದತಿಯನ್ನು ಹಿಂಪಡೆದು, ಹಳೆಯ ಪರವಾನಗಿಯನ್ನು ಈ ಶುಕ್ರವಾರದೊಳಗೆ ಸುನಂದಾಳ ಹೆಸರಿಗೆ ವರ್ಗಾಯಿಸಿ. ನೀವು ವರ್ಗಾಯಿಸಿದರೂ, ಇಲ್ಲದಿದ್ದರೂ, ಸೋಮವಾರ ಬೆಳಿಗ್ಗೆ ಆರಕ್ಕೆ ಆ ಒಲೆ ಹೊತ್ತಿಕೊಳ್ಳುತ್ತದೆ. ಬೀಗ ಹಾಕುವುದಿದ್ದರೆ ನಿಮ್ಮ ಪರಿವೀಕ್ಷಕರನ್ನು ಕಳುಹಿಸಿ. ಈ ಸಲ ಒಳಗೆ ಬಂದು ಕೂರಲು ಹೇಳಿ. ಸುನಂದಾ ಅವರಿಗೂ ಬಡಿಸುತ್ತಾಳೆ. ತಿಂದ ಮೇಲೆ ಅವರ ತಟ್ಟೆ ಎತ್ತುವವನು ನಾನು.

ಇಂತಿ,
ಎದುರು ಮಾತಾಡುವ ಮಗನಿಲ್ಲದೆ ನಿಮ್ಮೆದುರು ಮಾತಾಡಬೇಕಾಗಿ ಬಂದ
ಕೊಟ್ಟೂರಪ್ಪ
ಕೌಲ್ ಬಜಾರ್, ಬಳ್ಳಾರಿ