ಗುರಿಯ ಚುಕ್ಕಿ ನಿಲ್ಲುತ್ತಿಲ್ಲ

ಹೊಸನಗರ
೨೨ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ದೀಪಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಯಾದಗಿರಿಯಲ್ಲಿ ಆಗಲೇ ಬಿಸಿಲು ಏರಿರಬೇಕು. ಹಾಸ್ಟೆಲಿನ ಹುಡುಗಿಯರಿಗೆ ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂತಲ್ಲ, ಅವರಿಗಿಂತ ವಾರ್ಡನ್ ಮೇಡಂಗೇ ನಿದ್ದೆ ಇಲ್ಲದಿರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಕಣ್ಣಿನ ಆಪರೇಷನ್ ಆದ ಮೇಲೆ ಮನೆಯ ಮೂಲೆಮೂಲೆಯ ಧೂಳೂ ಅವಳಿಗೆ ಕಾಣುತ್ತಿದೆ, ಅದೇ ನಮ್ಮ ಕಷ್ಟ. ನಾನು ಕಾಗದ ಹಿಡಿದು ಕುಳಿತದ್ದನ್ನು ನೋಡಿ ಪ್ರತಿಮಾ, “ಕಟ್ಕೊಂಡ ಹೆಂಡ್ತಿಗೆ ಒಂದು ಸಾಲು ಬರೀಲಿಲ್ಲ, ಅಕ್ಕಂಗೆ ಕಾಗದನಾ?” ಎಂದು ನಕ್ಕಳು. ಫೋನ್ ಇರುವಾಗ ಇವನಿಗೇನಾಯಿತು ಎಂದು ನಿನಗೂ ಅನ್ನಿಸಬಹುದು. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಯಾವಳೋ ಬಂದು “ಮೇಡಂ, ಸೋಪು” ಅನ್ನುತ್ತಾಳೆ, ನೀನು “ತಡಿ ರವಿ” ಅನ್ನುತ್ತೀಯ, ನಾನು ಬಚಾವಾದೆ ಅಂದುಕೊಂಡು ಇಟ್ಟುಬಿಡುತ್ತೇನೆ. ಈ ತಿಂಗಳು ಮೂರು ಸಲ ಹಾಗೇ ಆಯಿತು. ಈ ಕಾಗದವನ್ನೂ ಬೆಳಿಗ್ಗೆ ಶುರು ಮಾಡಿದೆ, ಎರಡು ಸಲ ಎದ್ದು ಅಂಗಳ ಸುತ್ತಿ ಬಂದೆ.

ಏನು ಬರೆಯಲಿ? ಗೌತಮ್ ನಿನಗೆ ಗೊತ್ತಲ್ಲ, ಐಟಿಐಯಲ್ಲಿ ನನ್ನ ಜೊತೆ ಓದಿದವನು, ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಭಾನುವಾರ ಮಧ್ಯಾಹ್ನ ಅವನು ಶಟರ್ ಅರ್ಧ ಎಳೆಯುತ್ತಾನೆ, ನಾನು ಬೈಕಿನಲ್ಲಿ ಹೋಗುತ್ತೇನೆ, ಇಬ್ಬರೂ ಸಂಜೆಯವರೆಗೆ ಗೇಮ್ ಆಡುತ್ತೇವೆ. ನಗಬೇಡ. ಮೂವತ್ತಾರು ವರ್ಷದ ಗಂಡಸು ವಾರವೆಲ್ಲ ಮಣ್ಣು ತೆಗೆಯುವ ಮಷಿನ್ನಿನಲ್ಲಿ ಕುಳಿತು ಲಿವರ್ ಎಳೆದು, ಭಾನುವಾರವೂ ಹೋಗಿ ಆಟದ ಕಡ್ಡಿ ತಿರುಗಿಸುವುದು ನನಗೇ ಒಮ್ಮೊಮ್ಮೆ ವಿಚಿತ್ರ ಅನ್ನಿಸುತ್ತದೆ. ಆದರೆ ಅಲ್ಲಿ ಮಣ್ಣಿಲ್ಲ, ಮೇಸ್ತ್ರಿಯ ಕೂಗಿಲ್ಲ. ಕೋಟೆಯ ಮೇಲೆ ವೈರಿಗಳು ಓಡಾಡುತ್ತಿರುತ್ತಾರೆ, ಪರದೆಯ ನಡುವೆ ಒಂದು ಕೆಂಪು ಚುಕ್ಕಿ, ಅದನ್ನು ಅವರ ಮೇಲೆ ನಿಲ್ಲಿಸಿ ಹೊಡೆಯಬೇಕು. ಆಟ ಅಷ್ಟೇ.

ಮೊದಲು ನಾವು ಆಡುತ್ತಿದ್ದದ್ದು ಎರಡು ಕೈಯಲ್ಲಿ ಹಿಡಿಯುವ ಮಾಮೂಲಿ ಕಂಟ್ರೋಲರಿನಲ್ಲಿ. ಅದರ ಮೇಲೆ ಅಣಬೆಯಂಥ ಎರಡು ಪುಟ್ಟ ಕಡ್ಡಿಗಳಿರುತ್ತವೆ. ಹೆಬ್ಬೆರಳಿನಿಂದ ಒಂದು ಕಡೆಗೆ ತಳ್ಳಿ ಹಿಡಿದಷ್ಟು ಹೊತ್ತು ಚುಕ್ಕಿ ಆ ಕಡೆಗೆ ಓಡುತ್ತದೆ, ಬಿಟ್ಟರೆ ಸ್ಪ್ರಿಂಗ್ ಕಡ್ಡಿಯನ್ನು ನಡುವಿಗೆ ತರುತ್ತದೆ. ನನ್ನ ಮಷಿನ್ನಿನ ಲಿವರೂ ಹೆಚ್ಚುಕಡಿಮೆ ಹಾಗೇ, ಅದಕ್ಕೇ ಇದರಲ್ಲಿ ಗೌತಮ್ ನನ್ನನ್ನು ಒಮ್ಮೆಯೂ ಸೋಲಿಸಿರಲಿಲ್ಲ. ದೀಪಾವಳಿಯ ನಂತರ ಏನಾಯಿತೋ, ಚುಕ್ಕಿ ವೈರಿಯನ್ನು ದಾಟಿ ಮುಂದೆ ಹೋಗತೊಡಗಿತು. ಬಿಡಬೇಕಾದ ಕ್ಷಣಕ್ಕೆ ಕಡ್ಡಿ ಬಿಡುತ್ತಿರಲಿಲ್ಲ. ಕಡ್ಡಿ ಸವೆದರೆ ಹೀಗಾಗುತ್ತದಂತೆ. ಗೌತಮ್ ಬಿಚ್ಚಿ ತೊಳೆದ, ಆಮೇಲೆ ಹೊಸ ಕಡ್ಡಿಯನ್ನೇ ಹಾಕಿದ. ನಾನು ಮತ್ತೂ ಸೋತೆ. ಕಂಟ್ರೋಲರನ್ನು ಮೇಜಿನ ಮೇಲೆ ಎಸೆದು ಕೀಬೋರ್ಡ್ ಮೌಸ್ ಕೊಡು ಎಂದೆ.

ಮೌಸಿನ ಲೆಕ್ಕವೇ ಬೇರೆ ಅಕ್ಕಾ. ಕೈ ಎಷ್ಟು ಸರಿಯಿತೋ ಚುಕ್ಕಿ ಅಷ್ಟೇ ಸರಿದು ಅಲ್ಲೇ ನಿಲ್ಲುತ್ತದೆ. ತಳ್ಳಿ ಹಿಡಿಯುವುದಿಲ್ಲ, ಬಿಡಲು ಕಾಯುವುದಿಲ್ಲ. ಗುರಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದು ಮೊದಲ ವಾರ ಒಪ್ಪಿಕೊಂಡೆ. ಆದರೆ ನಡೆಯುವುದಕ್ಕೆ ಎಡಗೈಯಲ್ಲಿ ನಾಲ್ಕು ಅಕ್ಷರ ಒತ್ತುತ್ತಿರಬೇಕು. ಕಡ್ಡಿಯಲ್ಲಾದರೆ ಮೆಲ್ಲಗೆ ತಳ್ಳಿದರೆ ಮೆಲ್ಲಗೆ ನಡಿಗೆ, ಜೋರಾಗಿ ತಳ್ಳಿದರೆ ಓಟ. ಇಲ್ಲಿ ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಟ ಆಡುತ್ತಿದ್ದೇನೋ ಅರ್ಜಿ ಟೈಪ್ ಮಾಡುತ್ತಿದ್ದೇನೋ ಅನ್ನಿಸುತ್ತಿತ್ತು. ಸಾಲದ್ದಕ್ಕೆ ನಾನು ಒಂದು ಸಲ ಒತ್ತಿದರೆ ಮೌಸ್ ಎರಡು ಗುಂಡು ಹಾರಿಸುತ್ತಿತ್ತು. “ಈ ಮೌಸೂ ಹೋಯ್ತು ಕಣೋ” ಎಂದೆ. ಗೌತಮ್ ಅಂಗಡಿಯ ಕಪಾಟಿನಿಂದ ಹೊಸದೊಂದರ ಡಬ್ಬಿ ಒಡೆದು ಕೊಟ್ಟ. ಅದೂ ಎರಡು ಹಾರಿಸಿತು.

ಜನವರಿಯಲ್ಲಿ ಅವನು ತೀರ್ಥಹಳ್ಳಿಯ ಒಬ್ಬ ಮೇಷ್ಟರ ಹತ್ತಿರ ಒಂದು ಹಳೆಯ ಟ್ರ್ಯಾಕ್‌ಪ್ಯಾಡ್ ಕಂಟ್ರೋಲರ್ ಕೊಂಡು ತಂದ. ನೋಡಲು ಮಾಮೂಲಿಯದರಂತೆಯೇ, ಆದರೆ ಬಲಗಡೆಯ ಕಡ್ಡಿಯ ಜಾಗದಲ್ಲಿ ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ನುಣುಪು ಬಿಲ್ಲೆ. ತಳ್ಳುವುದೇನಿಲ್ಲ, ಹೆಬ್ಬೆರಳನ್ನು ಅದರ ಮೇಲೆ ಸವರಿದರೆ ಸಾಕು, ಮೌಸಿನಂತೆ ಸವರಿದಷ್ಟೇ ಚುಕ್ಕಿ ಸರಿಯುತ್ತದೆ. ಜೋರಾಗಿ ಚಿಮ್ಮಿಬಿಟ್ಟರೆ ಗೋಲಿಯಂತೆ ಉರುಳಿಕೊಂಡು ಹೋಗುತ್ತದೆ, ಮತ್ತೆ ಬೆರಳಿಟ್ಟರೆ ನಿಲ್ಲುತ್ತದೆ. ಎಡಗಡೆ ನಡಿಗೆಗೆ ಕಡ್ಡಿ ಹಾಗೇ ಇದೆ. ಎರಡರ ಒಳ್ಳೆಯದೂ ಒಂದರಲ್ಲೇ ಸಿಕ್ಕಿತು ಎಂದು ನನಗೆ ಬಹಳ ಖುಷಿಯಾಯಿತು. ಮೊದಲು ಕೈಗೆ ಹತ್ತುವುದಿಲ್ಲ, ಹದಿನೈದು ದಿನ ಬೇಕು ಎಂದು ಗೌತಮ್ ಹೇಳಿದ. ನಾನು ಹದಿನೈದು ದಿನ ಕೊಟ್ಟೆ. ಮನೆಗೆ ತಂದು, ಅಮ್ಮನ ಧಾರಾವಾಹಿ ಮುಗಿದ ಮೇಲೆ ಲ್ಯಾಪ್‌ಟಾಪಿಗೆ ಹಾಕಿಕೊಂಡು ದಿನಾ ಆಡಿದೆ.

ಅದರಲ್ಲೊಂದು ದೋಷ ಕಾಣಿಸಿತು. ಬೆರಳನ್ನು ಬಿಲ್ಲೆಯ ಮೇಲೆ ಇಟ್ಟು ಏನೂ ಮಾಡದೆ ಸುಮ್ಮನೆ ಕುಳಿತರೂ ಚುಕ್ಕಿ ನಡುಗುತ್ತಿತ್ತು. ಬಹಳ ಅಲ್ಲ, ಎಣ್ಣೆ ದೀಪದ ಕುಡಿಯಷ್ಟು. ಮುಂದಿನ ಭಾನುವಾರ ಅದನ್ನು ಅವನ ಮುಂದಿಟ್ಟು, “ಮೇಷ್ಟ್ರು ಕೆಟ್ಟಿದ್ದನ್ನೇ ಮಾರಿದಾರೆ ನೋಡು” ಎಂದೆ. ಗೌತಮ್ ತನ್ನ ಹೆಬ್ಬೆರಳಿಟ್ಟ. ಚುಕ್ಕಿ ಅಲ್ಲಾಡಲಿಲ್ಲ. ನನ್ನ ಕೈಗೆ ಕೊಟ್ಟ. ನಡುಗಿತು. ಮತ್ತೆ ಅವನು ತೆಗೆದುಕೊಂಡ, ನಿಂತಿತು. “ಪ್ಯಾಡ್ ಸರಿ ಇದೆ ಮಾರಾಯ” ಎಂದ, ನನ್ನ ಮುಖ ನೋಡದೆ. ಆಮೇಲೆ ಸೆಟ್ಟಿಂಗಿಗೆ ಹೋಗಿ ಏನೋ ಬದಲಾಯಿಸಿದ. ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡ ಎಂದು ಅದಕ್ಕೆ ಹೇಳಬಹುದಂತೆ. “ಈಗ ನೋಡು” ಎಂದ. ಚುಕ್ಕಿ ಬಂಡೆಯಂತೆ ನಿಂತಿತ್ತು. ಆ ದಿನ ನಾನೇ ಗೆದ್ದೆ. ಆನಂದಪುರಕ್ಕೆ ಒಂದು ಕೆಲಸವಿತ್ತು, ಹೋಗಿ ಬರುತ್ತಾ ದಾರಿಯಲ್ಲಿ ಹಾಡು ಹೇಳಿಕೊಂಡೇ ಬಂದೆ.

ಕಳೆದ ಬುಧವಾರ ತೀರ್ಥಹಳ್ಳಿ ಕಡೆ ನೀರಿನ ಪೈಪಿಗೆ ಚರಂಡಿ ತೋಡುತ್ತಿದ್ದೆವು. ಕನ್ನಪ್ಪ ಅಂತ ನಮ್ಮ ಜೊತೆ ಕೆಲಸ ಮಾಡುವವನು, ಐವತ್ತು ದಾಟಿದವನು, ಆಳ ಅಳೆಯಲು ಕೆಳಗಿಳಿದಿದ್ದ. ಮಷಿನ್ನಿನ ಮಣ್ಣು ಬಾಚುವ ಬಕೆಟ್ ಅವನ ತಲೆಯ ಮೇಲೆ ಎತ್ತರದಲ್ಲೇ ನಿಂತಿರಬೇಕಿತ್ತು. ಬಲಗೈ ಲಿವರಿನ ಮೇಲೆ ಸುಮ್ಮನೆ ಇತ್ತು, ಅಥವಾ ಇದೆ ಎಂದು ನಾನು ತಿಳಿದಿದ್ದೆ. ಬಕೆಟ್ ಒಂದು ಮೊಳ ಕೆಳಗೆ ಬಂತು. ಅವನ ತಲೆಯ ಟವೆಲ್ ಬಕೆಟಿನ ಕಬ್ಬಿಣದ ಹಲ್ಲಿಗೆ ಸಿಕ್ಕಿ ಬಿತ್ತು, ತಲೆಗೆ ತಾಗಲಿಲ್ಲ. “ಎಂತ ರವೀಶಣ್ಣ, ನಿದ್ದೆ ಬಂತಾ?” ಎಂದು ಅವನು ನಕ್ಕ, ಸುತ್ತ ಇದ್ದವರೂ ನಕ್ಕರು. ನಾನು ಇಂಜಿನ್ ಆಫ್ ಮಾಡಿ, ಹೈಡ್ರಾಲಿಕ್ ಎಣ್ಣೆ ಸೋರುತ್ತಿದೆ ಎಂದು ಸುಳ್ಳು ಹೇಳಿ ಇಳಿದೆ. ಮೇಸ್ತ್ರಿ ಬಗ್ಗಿ ನೋಡಿದ, ಒಂದು ಹನಿಯೂ ಕಾಣದೆ ತಲೆ ಕೆರೆದುಕೊಂಡ. ಆವತ್ತಿನಿಂದ ನಾನು ಕೆಲಸಕ್ಕೆ ಹೋಗಿಲ್ಲ. ಮಷಿನ್ ಸರ್ವಿಸಿಗೆ ಹೋಗಿದೆ ಎಂದು ಮನೆಯಲ್ಲಿ ಹೇಳಿದ್ದೇನೆ. ಅದನ್ನು ನೋಡಿ ಬರುತ್ತೇನೆ ಎಂದು ಬೆಳಿಗ್ಗೆ ಹೊರಡುತ್ತೇನೆ, ಕೆರೆ ಏರಿಯ ಮೇಲೆ ಕುಳಿತಿದ್ದು ಊಟದ ಹೊತ್ತಿಗೆ ಬರುತ್ತೇನೆ. ಕುಳಿತುಕೊಳ್ಳಲೂ ಆಗುವುದಿಲ್ಲ, ಎದ್ದು ನಡೆಯುತ್ತೇನೆ, ಮತ್ತೆ ಕುಳಿತು ಕೈ ನೋಡುತ್ತೇನೆ.

ಅಪ್ಪಯ್ಯ ಬಸ್ ಓಡಿಸುತ್ತಿದ್ದಾಗಿನದು ನೆನಪಾಗುತ್ತದೆ. ಬಸ್ಸಿನ ಗೇರು ಸರಿಯಿಲ್ಲ ಎಂದು ಗೊಣಗುತ್ತಿದ್ದರಲ್ಲ, ನೆನಪಿದೆಯಾ? ಆಮೇಲೆ ಚಪ್ಪಲಿ ಸರಿಯಿಲ್ಲ, ಲೋಟದ ಕಂಠ ಸರಿಯಿಲ್ಲ. ಕುಡಿಯಲು ಕಲಿತಿದ್ದಾರೆ ಎಂದು ಸ್ಟ್ಯಾಂಡಿನಲ್ಲಿ ಮಾತಾಡಿಕೊಂಡರು. ಅಮ್ಮ ಕೂಡ ಒಂದು ದಿನ ಬಾಯಿ ವಾಸನೆ ನೋಡಿದಳು. ಅವರು ಒಂದು ಮಾತನ್ನೂ ಆಡಲಿಲ್ಲ. ಅದು ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಎಂದು ನಮಗೆ ಗೊತ್ತಾಗಲು ನಾಲ್ಕು ವರ್ಷ ಬೇಕಾಯಿತು, ಅಷ್ಟರಲ್ಲಿ ನೀನು ಕಾಲೇಜು ಬಿಟ್ಟು ಅವರಿಗೆ ಗಂಜಿ ಕುಡಿಸುತ್ತಾ ಕುಳಿತಿದ್ದೆ. ನಾನು ಆಗ ಚಿಕ್ಕವನು, ತುತ್ತು ಎತ್ತುವಾಗ ಅವರ ಕೈ ಆಡುವುದನ್ನು ನೋಡಿ ನಕ್ಕಿದ್ದೆ. ನೀನು ನನ್ನ ಬೆನ್ನಿಗೆ ಕೊಟ್ಟ ಏಟು ಸರಿಯಾಗೇ ಇತ್ತು.

ಇರಲಿ. ಎಲ್ಲಿಂದ ಎಲ್ಲಿಗೋ ಹೋದೆ. ಕೇಳಿದರೆ ಗೌತಮ್‌ನ ತೀರ್ಪು ಇದು: ಗುರಿಗೆ ಮೌಸು, ಓಟಕ್ಕೆ ಕಡ್ಡಿ, ತಾಳ್ಮೆ ಇದ್ದವರಿಗೆ ಟ್ರ್ಯಾಕ್‌ಪ್ಯಾಡು. ನನ್ನ ತೀರ್ಪು ನನಗಿನ್ನೂ ಗೊತ್ತಿಲ್ಲ. ಹುಡುಗಿಯರೆಲ್ಲ ಪಾಸಾಗಲಿ, ಅವರಿಗೆ ಹೇಳು, ಹೊಸನಗರದಲ್ಲಿ ಒಬ್ಬ ಮಾವ ಇದ್ದಾನೆ, ಫಸ್ಟ್ ಕ್ಲಾಸ್ ಬಂದವರಿಗೆ ಜೋನಿಬೆಲ್ಲ ಕಳಿಸುತ್ತಾನೆ ಅಂತ. ಅಮ್ಮನ ಆಶೀರ್ವಾದ, ಪ್ರತಿಮಾಳ ನಮಸ್ಕಾರ. ಬಿಸಿಲಲ್ಲಿ ಕೊಡೆ ಇಲ್ಲದೆ ತಿರುಗಬೇಡ.

ನಿನ್ನ ತಮ್ಮ,
ರವೀಶ

ತಾಜಾಕಲಂ: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಅಕ್ಕಾ, ಕಡ್ಡಿ ಕೆಟ್ಟಿರಲಿಲ್ಲ, ಮೌಸ್ ಕೆಟ್ಟಿರಲಿಲ್ಲ, ಎಣ್ಣೆಯೂ ಸೋರಿರಲಿಲ್ಲ. ಅದು ನನ್ನ ಬಲಗೈ. ನಿನ್ನೆ ಮಾಲೀಕರ ಮನೆಗೆ ಹೋಗಿ ನಿಜ ಹೇಳಿ ಮಷಿನ್ನಿನ ಕೀಲಿ ಕೊಟ್ಟುಬಂದೆ, ಕನ್ನಪ್ಪನಿಗೂ ಹೇಳಿದೆ. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಚಾ ಕುಡಿಸಿ ಕಳಿಸಿದ. ಮಾರ್ಚ್ ಹತ್ತು, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಶಿವಮೊಗ್ಗದಲ್ಲಿ ನರದ ಡಾಕ್ಟರು. ನರ ಎಲ್ಲೋ ಒತ್ತಿಕೊಂಡಿರಲೂಬಹುದು ಎಂದು ಗೌತಮ್ ಹೇಳುತ್ತಾನೆ, ಹಾಗೇ ಇರಲಿ. ಪರೀಕ್ಷೆಯ ಹೊತ್ತು ಎಂದು ಗೊತ್ತು, ಆದರೂ ಎರಡು ದಿನ ರಜೆ ಹಾಕಿ ಬಾ. ಪ್ರತಿಮಾಗೆ ಈ ಕಾಗದ ಅಂಚೆ ಡಬ್ಬಿಗೆ ಹಾಕಿ ಬಂದ ಕೂಡಲೇ ಹೇಳುತ್ತೇನೆ. ಅಪ್ಪಯ್ಯ ಯಾರಿಗೂ ಹೇಳಲಿಲ್ಲ. ನಾನು ಹೇಳಿದ್ದೇನೆ.