ಸೊಪ್ಪಿನ ದೊರೆಯ ಸಹಿ, ನಮ್ಮನೆಯ ಬೀಗ

ಮಧುಗಿರಿ
ಆನಂದ ಸಂವತ್ಸರದ ಕಾರ್ತಿಕ (ಆನಂದ ಎಂಬುದು ಪಂಚಾಂಗದವರ ಮಾತು, ನನ್ನದಲ್ಲ)
೭-೧೧-೧೯೧೪, ಶನಿವಾರ

ಕೋಪದಲ್ಲಿ ಹೊರಟರೂ ಚಟ್ನಿಪುಡಿಯ ಡಬ್ಬಿ ತುಂಬಿಸಿಟ್ಟು ಹೋದ ಚಿ| ಸೌ| ಜಗದಾಂಬಳಿಗೆ, ಡಬ್ಬಿ ಬರಿದಾದ ಹೊತ್ತಿನಲ್ಲಿ ಗಂಡನ ಆಶೀರ್ವಾದಗಳು.

ಕೊಳಾಲದಿಂದ ಬರೆದ ನಿನ್ನ ಕಾರ್ಡು ತಲುಪಿತು. 'ಬೀಗದ ವಿಚಾರ ಏನಾಯಿತು ಬರೆಯಿರಿ. ಬೇರೆ ಸುದ್ದಿ ಬೇಡ. ಅದನ್ನು ನೋಡಿಕೊಂಡು ಬರುವುದೋ ಬಿಡುವುದೋ ತೀರ್ಮಾನಿಸುತ್ತೇನೆ.' ಇಷ್ಟೇ. ನಮ್ಮ ಅಮಲ್ದಾರ್ ಶಂಕರಲಿಂಗಪ್ಪನವರು ಕೂಡ ಒಂದು ನೋಟೀಸನ್ನು ಇಷ್ಟು ಚೊಕ್ಕವಾಗಿ ಬರೆಯಲಾರರು.

ವಿಷಯಕ್ಕೆ ಬರುತ್ತೇನೆ. ಆದರೆ ದಾರಿಯಲ್ಲಿ ಒಬ್ಬ ಜರ್ಮನಿಯವನು ಅಡ್ಡ ನಿಂತಿದ್ದಾನೆ, ಅವನನ್ನು ದಾಟದೆ ಬರಲಾಗುವುದಿಲ್ಲ.

ಸಿದ್ದರಬೆಟ್ಟದಲ್ಲಿ ಗಿಡಮೂಲಿಕೆ ಆಯ್ದು ಕಾಗದದ ನಡುವೆ ಒಣಗಿಸುತ್ತಿದ್ದ ಹೈನೆಕೆ ಎಂಬ ಮುದುಕನನ್ನು ನೀನೂ ನೋಡಿದ್ದೀಯೆ, ಊರವರು ಸೊಪ್ಪಿನ ದೊರೆ ಎನ್ನುತ್ತಿದ್ದರಲ್ಲ, ಅವನೇ. ಯುದ್ಧ ಶುರುವಾದ್ದರಿಂದ ಅವನೀಗ ಶತ್ರು. ಕಳೆದ ಸೋಮವಾರ ಅವನನ್ನೂ ಅವನ ಸೊಪ್ಪಿನ ಕಟ್ಟುಗಳನ್ನೂ ಹಿಡಿದು ತಂದು ಇಲ್ಲಿನ ಬಂಗಲೆಯಲ್ಲಿಟ್ಟರು. ಶುಕ್ರವಾರ ತುಮಕೂರಿಗೆ ಸಾಗಿಸಬೇಕಿತ್ತು. ಅಷ್ಟರೊಳಗೆ ಮೇಲಿನಿಂದ ಬಂದ ಇಂಗ್ಲಿಷ್ ಹುಕುಮನ್ನು ಅವನ ಭಾಷೆಯಲ್ಲಿ ಓದಿ ಹೇಳಿ, 'ಮನವರಿಕೆಯಾಯಿತು' ಎಂದು ಅವನ ಸಹಿ, 'ಮನವರಿಕೆ ಮಾಡಿದೆ' ಎಂದು ನನ್ನ ಸಹಿ ಆಗಬೇಕಿತ್ತು. ಕಚೇರಿಯ ಪದ್ಧತಿ ನಿನಗೆ ಗೊತ್ತು. ಕುರಿ ಜಪ್ತಿ ಮಾಡಿದರೂ ಕುರಿಯವನಿಗೆ ಓದಿ ಹೇಳದೆ ಹಗ್ಗಕ್ಕೆ ಕೈ ಹಾಕುವಂತಿಲ್ಲ.

ನಾನು ಮಂಗಳೂರಿನಲ್ಲಿ ಜರ್ಮನ್ ಪಾದ್ರಿಗಳ ಛಾಪಖಾನೆಯಲ್ಲಿ ಆರು ವರ್ಷ ಅಚ್ಚಿನ ಮೊಳೆ ಜೋಡಿಸಿದವನು. ಆ ಭಾಷೆ ಬರುತ್ತದೆಂದು ನಿನ್ನ ತಂದೆಯವರ ಮುಂದೆ ಜಂಭ ಕೊಚ್ಚಿಯೇ ನಿನ್ನನ್ನು ಮದುವೆಯಾದೆ. ಆ ಜಂಭಕ್ಕೆ ಈಗ ಶಿಕ್ಷೆಯಾಯಿತು.

ಹುಕುಮಿನಲ್ಲಿದ್ದದ್ದು ಒಂದೇ ಸಾಲು. ಸದರಿ ಹೈನೆಕೆಯನ್ನು ತಕ್ಕ 'ರಿಸ್ಟ್ರೇಂಟ್'ನಲ್ಲಿ, ಅಂದರೆ ಏನೋ ಒಂದು ಹಿಡಿತದಲ್ಲಿ, ಇಡತಕ್ಕದ್ದು. ನಾನು ಮೊದಲ ಏಟಿಗೆ 'ಆನ್‌ಬಿಂಡೆನ್' ಎಂದೆ. ಮುದುಕ ಕನ್ನಡಕ ತೆಗೆದು, ಅದು ದನ ಕಟ್ಟುವ ಮಾತು, ಗೂಟ ಎಲ್ಲಿದೆ ತೋರಿಸು ಎಂದ. 'ತ್ಸ್ಯೂಗೆಲ್ನ್' ಎಂದೆ. ಅದು ಕುದುರೆಗೆ ಲಗಾಮು ಹಾಕುವುದಂತೆ. ಬೇಡಿ ಹಾಕುವ ಮಾತು ಹೇಳಿದೆ, ಅವನು ಎರಡೂ ಕೈ ಮುಂದೆ ಚಾಚಿ ಕೂತ, ಬೇಡಿ ತರುವವರೆಗೆ ಕೆಳಗಿಳಿಸುವುದಿಲ್ಲವಂತೆ. ಪಾದ್ರಿಗಳ ಉಪದೇಶದಲ್ಲಿ ಕೇಳಿದ್ದ ಆತ್ಮಸಂಯಮದ ಮಾತು ಹೇಳಿದೆ. ಅದು ನನ್ನ ಹತ್ತಿರ ಮೊದಲಿನಿಂದಲೂ ಇದೆ, ಸರ್ಕಾರ ಕೊಡುವುದು ಬೇಡ ಎಂದ. ಕೊನೆಗೆ ಬೆವರೊರೆಸಿಕೊಂಡು 'ತ್ಸುರ್ಯೂಕ್‌ಹಾಲ್ಟುಂಗ್' ಎಂದರೆ ಮೀಸೆಯಲ್ಲೇ ನಕ್ಕುಬಿಟ್ಟ. ಅದು ಹೊಸ ಸೊಸೆ ಹತ್ತು ಜನರೆದುರು ತಲೆ ತಗ್ಗಿಸಿ ಕೂರುವ ಸಂಕೋಚವಂತೆ. ಇಂಗ್ಲೆಂಡಿನ ದೊರೆಗಳು ನನಗೆ ನಾಚಿಕೊಳ್ಳಲು ಹುಕುಂ ಮಾಡಿದ್ದಾರೆಯೇ ಎಂದು ಕೇಳಿದ.

ಇಂಗ್ಲಿಷು ಬರುತ್ತದಲ್ಲ, ಅದರಲ್ಲೇ ಸಹಿ ಹಾಕು ಮಹಾರಾಯ ಎಂದೆ. ಇಂಗ್ಲಿಷಿನಲ್ಲಿ ಊಟ ಕೇಳಬಲ್ಲೆ, ಸಹಿ ಹಾಕಲಾರೆ. ಹಗ್ಗವೋ, ಕೋಣೆಯೋ, ಬರೀ ಮಾತಿನ ಕಟ್ಟೋ ಸರಿಯಾಗಿ ಹೇಳು, ಯಾವುದನ್ನೇ ಹೇಳಿದರೂ ಅಕ್ಷರಶಃ ಪಾಲಿಸುತ್ತೇನೆ ಎಂದ. ತಪ್ಪಿಸಿಕೊಂಡು ಓಡುವ ಕೈದಿಯಾದರೆ ಹಿಡಿಯಬಹುದಿತ್ತು. ಪಾಲಿಸಲು ಪಟ್ಟು ಹಿಡಿದು ಕೂತವನನ್ನು ಏನು ಮಾಡಲಿ ಹೇಳು. ಮೂರು ದಿನ ಹೀಗೇ ಹೋಯಿತು. ಅಮಲ್ದಾರರು ದಿನಕ್ಕೆರಡು ಸಲ, 'ಏನ್ರೀ ಚನ್ನಮಲ್ಲಯ್ಯ, ನಿಮ್ಮ ಜರ್ಮನ್ ಭಾಷೆ ಒಂದು ಸಹಿಗೂ ಬಾಳಲ್ಲವೇ' ಎಂದು ವೀಳ್ಯ ಅಗಿಯುತ್ತ ಕೇಳುತ್ತಿದ್ದರು.

ಇನ್ನು ಬೀಗ. ಬಂಗಲೆಯ ಬೀಗ ತುಕ್ಕು ಹಿಡಿದಿತ್ತು. ಅಮಲ್ದಾರರು ಎಲ್ಲರೆದುರೇ, 'ನಿಮ್ಮನೇಲಿ ಗಟ್ಟಿ ಬೀಗ ಇದೆಯಂತಲ್ಲ, ಈಗ ಕೆಲಸವಿಲ್ಲದೆ ಇರಬೇಕು' ಎಂದರು. ತಂದು ಬಂಗಲೆಯ ಬಾಗಿಲಿಗೆ ಹಾಕಿದೆ. ನೀನು ತೌರಿಗೆ ಬಾಣಂತನಕ್ಕೆ ಹೋಗಿದ್ದೀಯೆ ಎಂದು ನಾನು ಕಚೇರಿಯಲ್ಲಿ ಹೇಳಿದ್ದೆ. ಯಾರ ಬಾಣಂತನ ಎಂದು ಯಾರೂ ಕೇಳಲಿಲ್ಲ. ಊರಿಗೆಲ್ಲ ಗೊತ್ತಿದೆಯೆಂದು ಆಗಲೇ ನನಗೆ ಅರ್ಥವಾಗಬೇಕಿತ್ತು.

ಗುರುವಾರ ಮಧ್ಯಾಹ್ನ ಬೇಸತ್ತು ಒಂದು ಉಪಾಯ ಹೂಡಿದೆ. ಬಾಯಲ್ಲಿ ಹೇಳಿ ಆಗದ್ದನ್ನು ಮಾಡಿ ತೋರಿಸುವುದು. ಜವಾನ ದಾಸಣ್ಣನ ಕೈಯಿಂದ ನನ್ನನ್ನು ಕಂಬಕ್ಕೆ ಕಟ್ಟಿಸಿಕೊಂಡು, ಇದಲ್ಲ ಎಂದೆ. ಬಿಚ್ಚಿಸಿಕೊಂಡು ಕೋಣೆಯೊಳಗೆ ಹೋಗಿ ದೊರೆಯ ಪಕ್ಕದಲ್ಲಿ ನಿಂತು, ಬಾಗಿಲು ಹಾಕಿ ತೋರಿಸು ಎಂದು ದಾಸಣ್ಣನಿಗೆ ಕೂಗಿದೆ. ದಾಸಣ್ಣ ಬಾಗಿಲು ಹಾಕಿದ. ಬೀಗ ಹಾಕಿದ. ಬೀಗದ ಕೈಯನ್ನು ಅಮಲ್ದಾರರ ಕೈಗೇ ಒಪ್ಪಿಸಬೇಕೆಂಬ ನಿಯಮದಂತೆ ಹೋಗಿ ಒಪ್ಪಿಸಿದ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆರೆ ಏರಿ ನೋಡಲು ಗಾಡಿ ಹತ್ತಿದರು.

ಕಿಟಕಿಯಿಂದ ಗಂಟಲು ಹರಿಯುವಂತೆ ಕೂಗಿದೆ. ದಾಸಣ್ಣ ಹುಣಸೆ ಮರದ ಕೆಳಗೆ ಕೂತು ಹೇಳಿದ್ದು ಕೇಳು. 'ಒಳಗಿಂದ ಎಷ್ಟ್ ಕೂಗಿದ್ರೂ ತಿರುಗಿ ನೋಡ್ಬ್ಯಾಡ ಕಣ್ಲಾ ಅಂತ ಬೆಳಗ್ಗೆ ತಾವೇ ಅಂದ್ರಲ್ಲ ಸ್ವಾಮಿ. ಒಳಗಿರೋರ್ನ ಕೂಡಾಕು ಅಂತ ಐತೆ. ಎಷ್ಟ್ ಜನ ಅಂತ ಏನೂ ಬರ್ದಿಲ್ಲ, ಅಂಗೇ ಕುಂತ್ಕಳಿ.'

ಬೀಗಕ್ಕೆ ಎರಡು ಕೈಗಳಿವೆಯಲ್ಲ, ಇನ್ನೊಂದು ನನ್ನ ಉಡಿದಾರದಲ್ಲೇ ಇತ್ತು. ಬೀಗ ಹೊರಗೆ, ಕೈ ಒಳಗೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಐದು ಗಂಟೆಯವರೆಗೆ ಕೂತೆ. ಮೊದಲ ಗಳಿಗೆ ಸಿಟ್ಟು ಬರುತ್ತದೆ. ಆಮೇಲೆ ಇಲ್ಲದ ಕೆಲಸಕ್ಕೆಲ್ಲ ಕಾಲು ತುಡಿಯುತ್ತದೆ. ಆಮೇಲೆ ರಸ್ತೆಯಲ್ಲಿ ಯಾರು ನಕ್ಕರೂ ತನ್ನನ್ನು ನೋಡಿಯೇ ಎನ್ನಿಸುತ್ತದೆ. ನಿನಗೆ ಇದನ್ನು ನಾನು ವಿವರಿಸುವುದು ಅಧಿಕಪ್ರಸಂಗ.

ದೊರೆ ಒಣಗಿದ ಎಲೆಗಳನ್ನು ಮಗುಚಿ ಹಾಕುತ್ತ, ಹೊರಗಿನ ಬೀಗದ ಕೈ ನಿನ್ನ ಹತ್ತಿರವೇಕೆ ಎಂದು ಕೇಳಿದ. ನನ್ನ ಮನೆಯದು ಎಂದೆ. ಮನೆಯಲ್ಲಿ ಅಷ್ಟು ಬೆಲೆಬಾಳುವುದು ಏನಿದೆ ಎಂದ. ಹೆಂಡತಿ ಎಂದೆ. ಅವನು ಎಲೆ ಕೆಳಗಿಟ್ಟು, ಬಹಳ ಮರ್ಯಾದೆಯಿಂದ, ಆಕೆ ಯಾವ ದೇಶದವರು ಎಂದು ಕೇಳಿದ. ಕೊಳಾಲ ಎಂದೆ. ಹಾಗಾದರೆ ಕೊಳಾಲ ಯಾರ ಮೇಲೆ ಯುದ್ಧ ಸಾರಿದೆ ಎಂದ.

ಪಕ್ಕದ ಮನೆ ಕಮಲಾಕ್ಷಮ್ಮನವರ ಜಗಲಿಯ ಮೇಲೆ ನೀನು ಪತ್ರಿಕೆ ಓದಿ ಹೇಳುತ್ತಿದ್ದೆ, ಹತ್ತು ಹೆಂಗಸರು ಕೇಳುತ್ತಿದ್ದರು, ಅಮಲ್ದಾರರು ಅದನ್ನು 'ಎರಡನೇ ಕಚೇರಿ' ಎಂದು ಗೇಲಿ ಮಾಡಿದರು, ಅದಕ್ಕೇ ಹದಿನೆಂಟು ದಿನ ನಿನ್ನನ್ನು ಒಳಗಿಟ್ಟು ಆಚೆಯಿಂದ ಬೀಗ ಹಾಕಿಕೊಂಡು ಹೋದೆ ಎಂಬುದನ್ನು ಜರ್ಮನ್ ಭಾಷೆಯಲ್ಲಿ ಹೇಳಲು ಹೊರಟರೆ ಹುಚ್ಚನ ಮಾತಿನಂತೆ ಕೇಳುತ್ತಿತ್ತು. ಕನ್ನಡದಲ್ಲಿ ಅದನ್ನು ನಾನು ಕಳ್ಳರ ಭಯ ಎನ್ನುತ್ತಿದ್ದೆ. ಕುರಿಯವನಿಗೂ ಓದಿ ಹೇಳುವ ನಾನು ನಿನಗೆ ಒಂದು ದಿನವೂ ಏಕೆಂದು ಹೇಳಲಿಲ್ಲ. ಕಮಲಾಕ್ಷಮ್ಮನವರಿಗೆ ಮಾತ್ರ, ಒಳಗಿನಿಂದ ಕರೆದರೆ ಓಗೊಡಬೇಡಿ ಎಂದು ಹೇಳಿಟ್ಟಿದ್ದೆ. ಇದು ನಿನಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದೇನೆ. ಗೊತ್ತಿದ್ದೂ ಚಟ್ನಿಪುಡಿ ಮಾಡಿಟ್ಟು ಹೋದೆಯಾದರೆ ನಾನು ಏನು ಬರೆಯಲಿ.

ಹದಿನೆಂಟನೆಯ ದಿನದ ಸಂಜೆ ನಾನು ಬಾಗಿಲು ತೆಗೆದಾಗ ನೀನು ಗಂಟು ಹಿಡಿದು ನಿಂತಿದ್ದೆ. 'ಬೀಗ ತೆಗೆದಿದ್ದೀರಲ್ಲ, ಹೋಗಿ ಬರ್ತೀನಿ' ಎಂದೆ. ಬರ್ತೀನಿ ಎಂಬುದನ್ನೇ ಹಿಡಿದುಕೊಂಡು ಇದ್ದೇನೆ.

ಅಮಲ್ದಾರರು ಬಂದು ಬಾಗಿಲು ತೆಗೆಸಿದಾಗ ದೊರೆ ತಾನಾಗಿ ಲೇಖನಿ ಬೇಡಿದ. ಆ ಪದದ ಜಾಗ ಹಾಗೇ ಖಾಲಿ ಬಿಡು, ಅದರ ಅರ್ಥ ಗೊತ್ತಿರುವವನು ಮಧ್ಯಾಹ್ನವೆಲ್ಲ ನನ್ನ ಪಕ್ಕದಲ್ಲಿ ಕೂತಿದ್ದ, ಅಷ್ಟು ಸಾಕು ಎಂದು ಸಹಿ ಹಾಕಿಬಿಟ್ಟ. ಕಾಗದ ಖಾಲಿ ಜಾಗದ ಸಮೇತ ತುಮಕೂರಿಗೆ ಹೋಗಿದೆ. ನನ್ನ ಮೇಲೆ ಸಮಜಾಯಿಷಿ ನೋಟೀಸು ಬರುವುದು ಖಂಡಿತ. ಅದನ್ನಾದರೂ ಕನ್ನಡದಲ್ಲಿ ಕೊಟ್ಟರೆ ಸಾಕು.

ಇಂತಿ,
ನಿನ್ನ ಚನ್ನಮಲ್ಲಯ್ಯ
ತರ್ಜುಮೆ ಗುಮಾಸ್ತೆ (ಸದ್ಯಕ್ಕೆ)

ಮರೆತಿದ್ದೆ: ನೀನು ಕೇಳಿದ ಬೀಗ ಈಗ ಮಧುಗಿರಿಯಲ್ಲಿಲ್ಲ. ದಾರಿಯಲ್ಲಿ ಕಾವಲಿನವರು ಸೊಪ್ಪು ಕೆದಕದಿರಲೆಂದು ದೊರೆಯ ಪೆಟ್ಟಿಗೆಗೆ ನಾನೇ ಹಾಕಿ, ಒಂದು ಕೈಯನ್ನು ಅವನಿಗೇ ಕೊಟ್ಟೆ. ಇನ್ನೊಂದು ಈ ಲಕೋಟೆಯಲ್ಲಿದೆ, ಅದರಿಂದ ಇನ್ನು ಯಾವ ಬಾಗಿಲೂ ತೆರೆಯದು, ಮುಚ್ಚದು. ನೀನಿಲ್ಲದೆ ಉಳಿದ ಪತ್ರಿಕೆಗಳನ್ನು ನಿನ್ನೆ ಜಗಲಿಯ ಮೇಲೆ ನಾನೇ ಓದಿದೆ. ಸಮನ್ಸು ಓದಿದ ಹಾಗಿದೆ ಎಂದು ಕಮಲಾಕ್ಷಮ್ಮನವರು ಅರ್ಧಕ್ಕೇ ಎದ್ದು ಹೋದರು. ನಾಯಿ ನುಗ್ಗದಿರಲೆಂದು ನಮ್ಮ ಬಾಗಿಲಿಗೆ ನಾರಿನ ಹಗ್ಗ ಕಟ್ಟಿದ್ದೇನೆ. ಗಂಟು ಒಳಗಿನಿಂದಲೂ ಬಿಚ್ಚುತ್ತದೆ, ನಾನೇ ಒಳಗೆ ನಿಂತು ನೋಡಿದ್ದೇನೆ.