ಚಿತ್ರದ ಕಾರ್ಡಿನ ರೇಟು

ಮಾರ್ಚ್ 4, ಸಂಜೆ

ಮೂರನೇ ಬಿಲ್ಡಿಂಗಿನ ಲಿಫ್ಟ್ ಮತ್ತೆ ಕೈಕೊಟ್ಟಿತು. ಡೋರ್ ಸೆನ್ಸರ್. ಮಧ್ಯಾಹ್ನ ಎಂದಿನಂತೆ ನಾನೂ ನನ್ನ ಜೊತೆ ಲಿಫ್ಟ್ ರಿಪೇರಿ ಮಾಡುವ ಇಲ್ಲಿಯವನೇ ಆದ ಮೆಕ್ಯಾನಿಕ್ಕೂ ಮೂಲೆ ಹೋಟೆಲಿಗೆ. ಇವತ್ತು ಹೆಂಡತಿಯೂ ಬಂದಿದ್ದಳು. ಅವಳು ಈ ಪರದೇಶಕ್ಕೆ ಬಂದು ಎರಡು ವಾರ. ಹಿಡಿಸಿದರೆ ನನ್ನ ಜೊತೆ ಇರುತ್ತಾಳೆ, ಇಲ್ಲದಿದ್ದರೆ ಇಪ್ಪತ್ತಕ್ಕೆ ವಾಪಸ್ ಟಿಕೆಟ್. "ನಾಲ್ಕು ವರ್ಷ ಆಯ್ತು, ನಾನಿಲ್ಲಿ ಊರವನೇ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಬಿಲ್ಲು ಬಂತು. ಇವಳ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

"ಇಬ್ರೂ ತಿಂದಿದ್ದು ಸೂಪು, ಬ್ರೆಡ್ಡು. ಅವರಿಗೆ ಎಂಟು, ನಿಮಗೆ ಹನ್ನೆರಡು. ಯಾಕ್ರೀ?"

"ಟ್ಯಾಕ್ಸ್ ಇರ್ಬೇಕು" ಅಂದೆ. ಎಂಥ ಪೆದ್ದು ಉತ್ತರ.

ಮಾರ್ಚ್ 5

ವೇಟರ್ ಮೇಲೆ ಕಣ್ಣಿಟ್ಟೆ. ನಗುತ್ತಾನೆ. ಇಷ್ಟು ನಗು ಯಾಕೆ? ಇವತ್ತೂ ಹನ್ನೆರಡೇ. ಪಕ್ಕದ ಟೇಬಲಿನವನ ಬಿಲ್ಲು ಇಣುಕಿ ನೋಡಿದೆ — ಕೈ ಅಡ್ಡ ಇಟ್ಟ. ಇವನೂ ಸೇರಿದ್ದಾನಾ?

ಮಾರ್ಚ್ 6

ಬಾರಿನವನೂ ಹೀಗೇ ಮಾಡುತ್ತಿರಬಹುದು. ಕ್ಷೌರದವನ ಮೇಲೂ ಅನುಮಾನ. ನನ್ನ ತಲೆಯಲ್ಲಿ ಉಳಿದಿರುವ ಕೂದಲಿಗೆ ಅಷ್ಟು ಕೊಡಬೇಕಾ?

ಮಾರ್ಚ್ 9

ಗಲ್ಲಾ ಮುಂದೆ ಜಗಳ. ನಾನು ಕೂಗಾಡಿದೆ. ಹೋಟೆಲಿನ ಯಜಮಾನಿ ಸಾವಕಾಶವಾಗಿ ಗೋಡೆಯ ಬೋರ್ಡು ತೋರಿಸಿದರು. ಇಲ್ಲಿನ ಲಿಪಿ. ನನಗೆ ಮಾತಾಡಲು ಬರುತ್ತದೆ, ಓದಲು ಬಾರದು.

"ಅದು ಊರವರ ರೇಟು. ತಿಂಡಿಯ ಚಿತ್ರ ಇರೋ ಮೆನು ಕಾರ್ಡಿನ ರೇಟು ಬೇರೆ, ಅದು ಬಂದು ಹೋಗೋರಿಗೆ. ಮೊದಲನೇ ದಿನ ಕಾರ್ಡು ಕೇಳಿದ್ದು ನೀವೇ. ಇವತ್ತಿಗೂ ಅದರ ಮೇಲೇ ಬೆರಳಿಟ್ಟು ತೋರಿಸ್ತೀರಿ."

"ನಾಲ್ಕು ವರ್ಷ, ಅಮ್ಮಾ!"

"ನೀವು ಹೋಗೋರು ಅಂತ ನಿಮ್ಮ ಜೊತೆಯವರೇ ಹೇಳಿದ್ರಲ್ಲ."

ಅವನಾ! ದಿನಾ ನನ್ನೆದುರೇ ಕೂತು ಎಂಟು ಕೊಟ್ಟು ಎದ್ದು ಹೋಗುತ್ತಿದ್ದವನು. ನಾಳೆ ಕೆಲಸದಲ್ಲಿ ಸಿಗಲಿ.

ಮಾರ್ಚ್ 10, ಬೆಳಿಗ್ಗೆ

ಲಿಫ್ಟಿನ ಮೆಷಿನ್ ರೂಮಿನಲ್ಲಿ ಅವನನ್ನು ಹಿಡಿದುಕೊಂಡೆ. ಬೇರಿಂಗಿಗೆ ಗ್ರೀಸ್ ತುಂಬುತ್ತಲೇ ಹೇಳಿದ.

"ಪ್ರತಿ ವರ್ಷ 'ಮುಂದಿನ ವರ್ಷ ಹೋಗ್ಬಿಡ್ತೀನಿ' ಅನ್ನೋನು ನೀನೇ ತಾನೇ? ಓದೋದು ಕಲಿಸ್ತೀನಿ ಅಂದಾಗ 'ಹೋಗೋನಿಗೆ ಯಾಕೆ' ಅಂದೋನೂ ನೀನೇ. ಮನೆಗೆ ಊಟಕ್ಕೆ ಕರೆದೆ, ಬರ್ಲಿಲ್ಲ. ನಾನು ನಂಬಿಬಿಟ್ಟೆ ಕಣಯ್ಯಾ."

ಸುಳ್ಳು ಹೇಳುತ್ತಿದ್ದಾನಾ ಎಂದು ಮುಖ ನೋಡಿದೆ. ಇಲ್ಲ. ನಾಚಿಕೆಯಾಯಿತು.

ಮಾರ್ಚ್ 18, ಸಂಜೆ

ಸೂಟ್‌ಕೇಸ್ ಹಾಸಿಗೆ ಮೇಲಿದೆ. ಇವಳು ನಗಲಿ ಅಂತ ಹೋಟೆಲಿನ ಕಥೆ, ಮೆಕ್ಯಾನಿಕ್ ಅಂದದ್ದು ಎಲ್ಲಾ ಹೇಳಿದೆ. ನಗಲಿಲ್ಲ.

"ಇಲ್ಲಿಯವರಿಗೆ 'ಮುಂದಿನ ವರ್ಷ ಹೋಗ್ತೀನಿ' ಅಂತೀರಿ. ಫೋನಲ್ಲಿ ನಂಗೆ 'ಮುಂದಿನ ವರ್ಷ ಬರ್ತೀನಿ' ಅಂತಿದ್ರಿ. ನಾನೂ ನಂಬಿದ್ದೆ ರೀ, ನಾಲ್ಕು ವರ್ಷ. ಈಗ ಹೇಳಿ. ಟಿಕೆಟ್ ಕ್ಯಾನ್ಸಲ್ ಮಾಡ್ಲಾ? ಇಲ್ಲೇ ಇರೋಣ್ವಾ?"

ಇರೋಣ ಅನ್ನಬೇಕಿತ್ತು. ಮೂರೇ ಅಕ್ಷರ. ಭಯವಾಯಿತು, ಯಾಕೋ ಗೊತ್ತಿಲ್ಲ. ಬಾಯಿಗೆ ಬಂದದ್ದು — "ಸದ್ಯಕ್ಕೆ ಹೋಗಿರು. ಮುಂದಿನ ವ..."